ಹೌದು ಎಂದು ಬರೆದ ಕೈ

9 ಜನವರಿ 1978, ಸೋಲಾಪುರ

ಬೆಳಗಿನ ಪಾಳಿಯ ಹಾಜರಿ ಮುಗಿಸಿ ಪುಸ್ತಕ ಮಡಚುತ್ತಿದ್ದೆ. ಮಾಲಕ ಶಾಂತಪ್ಪ ಶೇಠರು ಕರೆದರು. ಅವರ ಖೋಲಿಯಲ್ಲಿ ನಮ್ಮ ವಕೀಲರೂ ಕೂತಿದ್ದರು. ನನ್ನ ಕೈಗೆ ಒಂದು ಕಾಗದ ಕೊಟ್ಟರು. ಕಾಮಗಾರ ನ್ಯಾಯಾಲಯದ ಸಮನ್ಸ್. ಅದರ ಮೇಲೆ ನನ್ನ ಹೆಸರು: ಸಾತಲಿಂಗಪ್ಪ, ಟೈಮ್‌ಕೀಪರ್. ಹನ್ನೆರಡು ವರ್ಷ ಈ ಚಾದರ ಕಾರ್ಖಾನೆಯ ಗೇಟಿನಲ್ಲಿ ಬೇರೆಯವರ ಹೆಸರು ಬರೆದವನಿಗೆ, ಸರಕಾರಿ ಶಿಕ್ಕೆ-ಮೊಹರಿನ ಕೆಳಗೆ ತನ್ನದೇ ಹೆಸರು ಕಂಡು ಹೆದರಿಕೆ ಹತ್ತಿತು.

ಶೇಠರು ನಕ್ಕರು. "ಹೆದರಬ್ಯಾಡೋ ಮಾರಾಯಾ. ಆ ತುಕಾರಾಮಂದು ಕೇಸು. ನಿಂತು ಇದ್ದದ್ದು ಹೇಳೂದಷ್ಟ."

ತುಕಾರಾಮ ಹನ್ನೂರ ಕಡೆಯ ಕುರಿ ಕಾಯುವವರ ಪೈಕಿ. ನಮ್ಮಲ್ಲಿ ಮಗ್ಗದ ಮೇಲಿದ್ದ. ಒಂದೂವರೆ ವರ್ಷದ ಹಿಂದೆ ರಜೆ ಕೇಳದೆ ನಾಲ್ಕು ದಿನ ಊರಿಗೆ ಹೋದ. ತಿರುಗಿ ಬಂದ ದಿನವೇ ಏಳನೇ ಮಗ್ಗದ ಹಾಸಿನ ಎಳೆಗಳು ಒಂದು ಮೊಳ ಅಗಲ ಕಡಿದುಹೋಗಿದ್ದವು. ಸಿಟ್ಟಿನಿಂದ ಇವನೇ ಕಡಿದ ಎಂದು ಆರೋಪ. ಕಾರ್ಖಾನೆಯಲ್ಲೇ ವಿಚಾರಣೆ ಆಯಿತು. ಅವನಿಗೆ ಮರಾಠಿ ಬರುವುದಿಲ್ಲ. ವಕೀಲರು ಮರಾಠಿಯಲ್ಲಿ ಕೇಳಿದರು, ನಾನು ಕನ್ನಡದಲ್ಲಿ ಅವನಿಗೆ ಹೇಳಿದೆ, ಅವನು ಹೇಳಿದ್ದನ್ನು ನಾನೇ ಮರಾಠಿಯಲ್ಲಿ ಬರೆದೆ. ಅವನು ಎಲ್ಲ ಒಪ್ಪಿಕೊಂಡು ಸಹಿ ಹಾಕಿದ. ಕೆಲಸದಿಂದ ತೆಗೆದೆವು. ಈಗ ಯೂನಿಯನ್ನಿನವರು ಅವನನ್ನು ಎಬ್ಬಿಸಿ ಕೋರ್ಟಿಗೆ ತಂದಿದ್ದಾರೆ.

ಇದ್ದದ್ದು ಹೇಳುವುದಕ್ಕೆ ಹೆದರಿಕೆ ಏತಕ್ಕೆ?

10 ಜನವರಿ

ಆ ದಿನ ಏನೇನಾಯಿತು ನೆನಪು ಮಾಡಿಕೊಳ್ಳೋಣ ಎಂದು 1976ರ ದಿನಚರಿ ತೆಗೆದೆ. ದಿನವಿಡೀ ಮರಾಠಿ ಬರೆಯುವ ನಾನು ಇದೊಂದನ್ನು ಕನ್ನಡದಲ್ಲಿ ಬರೆಯುತ್ತೇನೆ. ಅಕ್ಕಲಕೋಟದ ಕನ್ನಡ ಸಾಲೆಯ ರೂಢಿ. ಮನೆಯಲ್ಲಿ ಮಕ್ಕಳಿಗೂ ಓದಲು ಬರುವುದಿಲ್ಲ.

ಆಗಸ್ಟ್ 19ರ ಪುಟದಲ್ಲಿ ಇಷ್ಟೇ ಇದೆ: "ಛತ್ರಿ ದುರಸ್ತಿಗೆ ಕೊಟ್ಟೆ. ಕಾರ್ಖಾನೆಯಲ್ಲಿ ಒಂದು ವಿಚಾರಣೆ ಇತ್ತು, ಬೇಗ ಮುಗಿಯಿತು."

ಅವನ ಹೆಸರು ಕೂಡ ಬರೆದಿಲ್ಲ. ಎರಡು ಸಲ ಓದಿದೆ. ಹಿಂದಿನ ಪುಟ, ಮುಂದಿನ ಪುಟ ನೋಡಿದೆ. ಎಲ್ಲಿಯೂ ಇಲ್ಲ.

23 ಜನವರಿ

ಕೋರ್ಟಿಗೆ ಹೋಗಿದ್ದೆ. ನ್ಯಾಯಾಧೀಶರಿಗೆ ಬೇರೆ ಕೇಸುಗಳಿದ್ದವು, ನಮ್ಮದಕ್ಕೆ ಮುಂದಿನ ತಾರೀಕು ಕೊಟ್ಟರು.

ಹೊರಗಿನ ಬಾಕಿನ ಮೇಲೆ ಒಬ್ಬ ಹೆಗಲಿಗೆ ಕಂಬಳಿ ಹಾಕಿಕೊಂಡು ಕೂತಿದ್ದ. ಯಾವನೋ ಮುದುಕ ಎಂದುಕೊಂಡೆ. ನನ್ನನ್ನು ಕಂಡು ಎದ್ದು ನಿಂತ. "ಶರಣ್ರಿ. ಮನ್ಯಾಗ ಎಲ್ಲಾ ಆರಾಮ ಅದಾರ?" ಧ್ವನಿಯಿಂದ ಗೊತ್ತಾಯಿತು. ತುಕಾರಾಮ. ನನಗಿಂತ ಹತ್ತು ವರ್ಷ ಚಿಕ್ಕವನು. ಅವನ ಎದುರು ನಾನೇ ಸಾಕ್ಷಿ ಎಂದು ಅವನಿಗೆ ಗೊತ್ತು. ಆದರೂ ಆರಾಮ ಕೇಳಿದ. ತಲೆ ಅಲ್ಲಾಡಿಸಿ ಆ ಕಡೆ ಹೋಗಿ ನಿಂತೆ.

6 ಫೆಬ್ರುವರಿ

ಮನೆಗೆ ಬಂದು ಒಂದು ತಾಸಾಯಿತು. ಹೆಂಡತಿ ತುಳಜಾಬಾಯಿ ಚಹಾ ಇಟ್ಟು ಏನಾಯಿತೆಂದು ಕೇಳಿದಳು. ಹೇಳಲಿಕ್ಕೆ ಆಗಲಿಲ್ಲ, ಬರೆಯುತ್ತೇನೆ.

ಮೊದಲು ನಮ್ಮ ವಕೀಲರು ಕೇಳಿದರು. ಅದು ಸುಲಭವಾಗಿಯೇ ಹೋಯಿತು. ಈ ಅಕ್ಷರ ನಿನ್ನದೇ? ನನ್ನದೇ. ನಿನಗೆ ಎರಡೂ ಭಾಷೆ ಬರುತ್ತವೆಯೆ? ಬರುತ್ತವೆ. ಅವನು ತಪ್ಪು ಒಪ್ಪಿದನೆ? ಒಪ್ಪಿದ. ನ್ಯಾಯಾಧೀಶರು ಒಂದೊಂದನ್ನೂ ಇಂಗ್ಲಿಷಿನಲ್ಲಿ ಹೇಳಿ ಟೈಪು ಮಾಡಿಸುತ್ತಿದ್ದರು.

ಆಮೇಲೆ ತುಕಾರಾಮನ ಪರವಾಗಿ ಯೂನಿಯನ್ನಿನ ಕಾಮಣ್ಣ ಎದ್ದ. ಸಣ್ಣ ವಯಸ್ಸು, ಮೈಯೂ ಸಣ್ಣದು. ಸಾಹೇಬರೇ, ನಾನು ಕನ್ನಡದಲ್ಲಿ ಕೇಳುತ್ತೇನೆ ಎಂದು ಅಪ್ಪಣೆ ಪಡೆದ. ಕೋರ್ಟಿನ ಕಾರಕೂನರೊಬ್ಬರು ಕನ್ನಡ ಬಲ್ಲವರು, ಅವರು ಪ್ರತಿಯೊಂದು ಮಾತನ್ನೂ ಮರಾಠಿಯಲ್ಲಿ ಸಾಹೇಬರಿಗೆ ಹೇಳಲು ನಿಂತರು.

ಕಾಮಣ್ಣ ಮೆಲ್ಲಗೆ, ಕಟ್ಟೆಯ ಮೇಲೆ ಕೂತು ಮಾತಾಡಿದ ಹಾಗೆ ಶುರು ಮಾಡಿದ.

"ಸಾತಲಿಂಗಪ್ಪನವರ, ನೀವು ಹನ್ನೆರಡು ವರ್ಷದಿಂದ ಈ ಕಂಪನ್ಯಾಗ ಅದೀರಿ."

"ಹೂಂ," ಅಂದೆ.

"ಅವತ್ತ ವಕೀಲ ಸಾಹೇಬ್ರು ಕೇಳಿದ್ದನ್ನ ನೀವು ಕನ್ನಡದಾಗ ಹೇಳಿದ್ರಿ."

"ಹೂಂ."

"ತುಕಾರಾಮ ಏನಂದ ಅನ್ನೂದನ್ನ ನೀವು ನೆಟ್ಟಗ ಕೇಳಲೂ ಇಲ್ಲ, ನಿಮಗ ತಿಳದಂಗ ಬರಕೊಂಡ್ರಿ..."

"ಹೂಂ..."

ಅಂದುಬಿಟ್ಟಿದ್ದೆ. ಕಾಮಣ್ಣ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಸಾಹೇಬರ ಕಡೆ ತಿರುಗಿ ಮರಾಠಿಯಲ್ಲಿ, "ಸಾಕ್ಷಿ ಒಪ್ಪಿಕೊಂಡಿದ್ದಾನೆ. ಹಾಗೆಂದು ಬರೆದುಕೊಳ್ಳಬೇಕು," ಅಂದ.

"ಇಲ್ರೀ ಸಾಹೇಬ್ರ! ನಾ ಒಪ್ಪಿಲ್ಲರೀ!" ಎಂದು ಕನ್ನಡದಲ್ಲೇ ಕೂಗಿದೆ. ಆಮೇಲೆ ಮರಾಠಿ ನೆನಪಾಗಿ ಮತ್ತೆ ಹೇಳಿದೆ.

ಸಾಹೇಬರು ಕನ್ನಡಕ ತೆಗೆದರು. "ಹಾಗಾದರೆ 'ಹೂಂ' ಅಂದದ್ದೇಕೆ?"

"ಅದು ಹೌದು ಅಂತಲ್ಲ ಸಾಹೇಬರೆ. ಕೇಳುತ್ತಿದ್ದೇನೆ, ಮುಂದೆ ಹೇಳಿ ಅಂತ. ನಮ್ಮಲ್ಲಿ ಯಾರಾದರೂ ಮಾತಾಡುವಾಗ ಹೂಂ ಅನ್ನುವುದು ರೂಢಿ. ಅನ್ನದಿದ್ದರೆ ಮಾತಾಡುವವರಿಗೆ ಬೇಸರ."

"ವಿಚಾರಣೆಯ ದಿನ ಈ ಮನುಷ್ಯ ಏನಂದ? ಅವನ ಬಾಯಿಂದ ಬಂದ ಶಬ್ದವೇ ಹೇಳು."

ಹಿಂದಿನ ಬಾಕಿನ ಮೇಲೆ ತುಕಾರಾಮ ಕೂತಿದ್ದ. ನಮ್ಮ ವಕೀಲರು ನನ್ನನ್ನೇ ನೋಡುತ್ತಿದ್ದರು.

"ಹೂಂ ಅಂದ," ಎಂದೆ.

"ಎಷ್ಟು ಸಲ?"

"ಪ್ರತಿ ಸಲ."

"ನೀನು ಬರೆದದ್ದು?"

"ಹೋಯ್ ಅಂತ. ಹೌದು ಅಂತ."

ಕಾಮಣ್ಣ ಆಮೇಲೆ ಇನ್ನೊಂದು ಕೇಳಿದ. ಕೊನೆಯಲ್ಲಿ 'ನಾನು ತಪ್ಪು ಮಾಡಿದ್ದೇನೆ' ಎಂದು ಬರೆದದ್ದಿದೆಯಲ್ಲ, ಅದು ಯಾವ ತಪ್ಪು? ಅದು ನನಗೆ ಚೆನ್ನಾಗಿ ನೆನಪಿತ್ತು. ತುಕಾರಾಮ ಕೈ ಮುಗಿದು, "ತಪ್ಪಾತ್ರಿ, ಹೇಳದ ಊರಿಗೆ ಹೋಗಬಾರದಿತ್ತು, ಅವ್ವಗ ಆರಾಮಿರಲಿಲ್ಲ," ಅಂದಿದ್ದ. ನಾನು ಬರೆದದ್ದು ಮೊದಲ ಶಬ್ದ ಮಾತ್ರ. ಊರು, ಅವ್ವ ಎರಡನ್ನೂ ಬಿಟ್ಟಿದ್ದೆ. ಇದನ್ನೂ ಹೇಳಿದೆ. ಹೇಳಬಾರದೆಂದು ಅನ್ನಿಸಿತ್ತು, ಆದರೆ ಬಾಯಿ ನಿಲ್ಲಲಿಲ್ಲ.

ಎಲ್ಲ ಮುಗಿದ ಮೇಲೆ ಟೈಪು ಮಾಡಿದ ಹಾಳೆ ತಂದರು. ಸಹಿಗೆ ಕೈ ಮುಂದೆ ಮಾಡಿದೆ. ಸಾಹೇಬರು ತಡೆದರು. "ಮೊದಲು ಅವನಿಗೆ ಓದಿ ಹೇಳಿ." ಕಾರಕೂನರು ಒಂದೊಂದು ಸಾಲನ್ನೂ ಮರಾಠಿಯಲ್ಲಿ ಓದಿ, ಸರಿ ಇದೆಯೆ ಎಂದು ಕೇಳಿದರು. ಒಂದು ಕಡೆ ತಪ್ಪಿತ್ತು, ತಿದ್ದಿದರು. ಗೋಡೆಯ ಗಡಿಯಾರ ನೋಡುತ್ತಿದ್ದೆ. ಹತ್ತು ನಿಮಿಷ ಹಿಡಿಯಿತು.

ತುಕಾರಾಮನ ಕಾಗದ ಒಂದೂವರೆ ಪುಟ. ಐದು ನಿಮಿಷದಲ್ಲಿ ಓದಿ ಹೇಳಬಹುದಿತ್ತು.

7 ಫೆಬ್ರುವರಿ

ಕೆಲಸಕ್ಕೆ ಹೋದೆ. ಯಾರೂ ಮಾತಾಡಿಸಲಿಲ್ಲ.

11 ಫೆಬ್ರುವರಿ

ಪೇಪರಿನಲ್ಲಿ ಬಂದಿದೆ. ಮೂರನೇ ಪುಟ. 'ಮಗ್ಗ ಹಾಳು ಮಾಡಿದ ಕಾಮಗಾರನ ಕೇಸು: ಟೈಮ್‌ಕೀಪರ್ ಫಿತೂರ.' ಕಂಪನಿಯ ಸಾಕ್ಷಿ ಯೂನಿಯನ್ನಿಗೆ ಒಲಿದು ಮಾತು ತಿರುಗಿಸಿದ, ಕಂಪನಿಗೆ ದೊಡ್ಡ ಪೆಟ್ಟು ಎಂದು ಬರೆದಿದ್ದಾರೆ. ನನ್ನ ಪೂರ್ತಿ ಹೆಸರಿದೆ. ಹೂಂ ಎಂಬ ಮಾತೇ ಇಲ್ಲ. ತುಕಾರಾಮ ಮಗ್ಗ ಹಾಳು ಮಾಡಿದ್ದೇ ಖರೆ ಎಂಬಂತೆ ಮೊದಲ ಸಾಲು.

ಫಿತೂರ! ಫಿತೂರಿ ಮಾಡುವವರು ಕೋಟೆಯ ಬಾಗಿಲನ್ನು ಶತ್ರುಗಳಿಗೆ ತೆಗೆದುಕೊಡುತ್ತಾರೆ. ನಾನು ಏನು ತೆಗೆದುಕೊಟ್ಟೆ? ಬರೆದವರು ಯಾರೋ, ಅಂದು ಖೋಲಿಯಲ್ಲಿ ಇದ್ದರೋ ಇಲ್ಲವೋ. ನನ್ನನ್ನೊಂದು ಮಾತು ಕೇಳಲಿಲ್ಲ.

ಕೇಳದೆ ಬರೆದರು ಎಂದು ಸಿಟ್ಟು ಬರುತ್ತದೆ. ಆ ಸಿಟ್ಟನ್ನು ಹಿಡಿದುಕೊಂಡು ಕೂತರೆ ಬೇರೆ ಏನೋ ನೆನಪಾಗುತ್ತದೆ. ಬಿಡು.

18 ಫೆಬ್ರುವರಿ

ಶೇಠರು ಕರೆದರು. ಬೈಯುತ್ತಾರೆಂದು ತಯಾರಾಗಿ ಹೋಗಿದ್ದೆ. ಬೈಯಲಿಲ್ಲ.

"ಸಾತಲಿಂಗಪ್ಪ, ನಿನ್ನ ಮಗಳ ಲಗ್ನಕ್ಕ ನಾ ಬಂದಿದ್ನಿಲ್ಲೋ?"

"ಬಂದಿದ್ರಿ."

"ಮತ್ತ?"

ಅಷ್ಟೇ. ಸೋಮವಾರದಿಂದ ನೂಲಿನ ಉಗ್ರಾಣಕ್ಕೆ ಹೋಗಬೇಕಂತೆ. ಗೇಟಿನ ಕುರ್ಚಿಗೆ ಬೇರೆಯವನು. ಅವರು ಹೇಳಿದ್ದೇ ಮಾಡಿದೆನಲ್ಲ. ನಿಂತು ಇದ್ದದ್ದು ಹೇಳು ಅಂದಿದ್ದರು. ಅದನ್ನೇ ಹೇಳಿದೆ.

ತುಳಜಾಬಾಯಿ, "ಒಂದು ಶಬ್ದಕ್ಕ ಇಷ್ಟ್ಯಾಕ್ರಿ? ಹೌದು ಅಂದಾನ ಅಂತ ಅಂದು ಬಂದಿದ್ದರ ಆಗ್ತಿತ್ತಿಲ್ಲ," ಎಂದು ಕಣ್ಣೊರೆಸಿಕೊಂಡಳು.

17 ಏಪ್ರಿಲ್

ಮೊದಲ ಹುಕುಂ ಬಂತು. ಕಾರ್ಖಾನೆಯ ವಿಚಾರಣೆ ನ್ಯಾಯವಾಗಿ ನಡೆದಿಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಆರೋಪ ಖರೆ ಎನ್ನುವುದಾದರೆ ಕಂಪನಿ ಈಗ ಕೋರ್ಟಿನ ಎದುರಿಗೇ ಸಾಬೀತು ಮಾಡಲಿ. ಕೇಸು ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮತ್ತೆ ಮೊದಲಿನಿಂದ. ಈ ಸಲ ಮಗ್ಗಗಳ ಮೇಸ್ತ್ರಿ, ಜಾಬರ್ ನಾಗಣ್ಣನನ್ನು ಸಾಕ್ಷಿ ಮಾಡುತ್ತಾರಂತೆ. ಏಳನೇ ಮಗ್ಗ ಅವನ ಕೈಕೆಳಗಿನದು, ಆರೋಪದ ಚೀಟಿ ಬರೆಸಿದವನೂ ಅವನೇ.

2 ಜೂನ್

ಬರೆಯಲೋ ಬೇಡವೋ.

ನಾಗಣ್ಣ ನೂಲು ಒಯ್ಯಲು ಉಗ್ರಾಣಕ್ಕೆ ಬಂದಿದ್ದ. ಬರುವ ವಾರ ಅವನ ಸಾಕ್ಷಿ. ನೂಲಿನ ಗಂಟಿನ ಮೇಲೆ ಕೂತು ತಂಬಾಕು ತಿಕ್ಕುತ್ತ, "ಏನ್ ಹೇಳಲೋ ನಾ ಅಲ್ಲಿ? ನಾ ಎಲ್ಲಿ ನೋಡೀನಿ? ಇಲಿ ಕಡದಿದ್ವೋ ಏನೋ," ಅಂದ.

ನಾನು ಅವನ ಮುಖ ನೋಡಿದೆ. "ಇಲಿ?"

"ಗಂಜಿ ಹಾಕಿದ ನೂಲು ಅಂದರ ಇಲಿಗೆ ಹಬ್ಬಾ. ಎಳಿ ತುದಿ ನಾರು ಬಿಟ್ಟು ಜಿಬರ ಜಿಬರ ಆಗಿದ್ವು. ಕತ್ತರಿ ಹಚ್ಚಿದರ ಹಂಗ ಆಗೂದಿಲ್ಲ."

"ಅವತ್ತ ಯಾಕ ಹೇಳಲಿಲ್ಲಪಾ?"

"ಯಾರ ಕೇಳ್ಯಾರ?" ಎಂದು ತಂಬಾಕು ಬಾಯಿಗೆ ಹಾಕಿಕೊಂಡ. "ಅಂವ ತಾನ ಒಪ್ಪಿಕೊಂಡಾನ ಅಂತ ನೀನ ಬರದಿದ್ದಿ. ಒಪ್ಪಿದ ಮ್ಯಾಲ ನಾ ಯಾಕ ಇಲಿ ಪುರಾಣ ಹೇಳ್ಲಿ?"

ಅವನು ಹೋದ ಮೇಲೆ ನೂಲಿನ ಲೆಕ್ಕ ಮೂರು ಸಲ ತಪ್ಪಿತು. ಇಷ್ಟು ದಿನ ಒಳಗೆ ಒಂದು ಸಮಾಧಾನ ಇತ್ತು. ನಾನು ಬರೆದದ್ದು ತಪ್ಪಿರಬಹುದು, ಆದರೆ ಕಡಿದದ್ದಂತೂ ಅವನೇ ಎಂದು. ಅದೂ ಹೋಯಿತು.

4 ಜೂನ್

ಕಾಪಡ ಪೇಟೆಯಲ್ಲಿ ಕಾಮಣ್ಣ ಸಿಕ್ಕಿದ್ದ. ಚಹಾ ಕುಡಿದೆವು. ಮಾತಿನಲ್ಲಿ ಮಾತು ಬಂದು ಇಲಿಯ ವಿಷಯವೂ ಬಂತು. ಮನೆಗೆ ಬೇಳೆ, ಬೆಲ್ಲ ತಂದೆ.

12 ಜೂನ್

ನಾಗಣ್ಣನ ಸಾಕ್ಷಿ ಆಯಿತಂತೆ. ಕಣ್ಣಾರೆ ನೋಡಿಲ್ಲ ಎಂದನಂತೆ. ಕಾಮಣ್ಣ ಇಲಿಯ ಬಗ್ಗೆ ಕೇಳಿದಾಗ, ಶೆಡ್ಡಿನಲ್ಲಿ ಇಲಿ ಇದ್ದದ್ದು ಖರೆ, ಎಳೆಯ ತುದಿ ಜಿಬರಾಗಿದ್ದದ್ದೂ ಖರೆ ಎಂದನಂತೆ. ಉಗ್ರಾಣಕ್ಕೆ ಬಂದು ನನ್ನನ್ನು ದಿಟ್ಟಿಸಿ ನೋಡಿ ಹೋದ.

21 ಆಗಸ್ಟ್

ನಿಕಾಲು, ಅಂದರೆ ಕೊನೆಯ ತೀರ್ಪು, ಬಂತು. ಆರೋಪ ಸಾಬೀತಾಗಿಲ್ಲ. ತುಕಾರಾಮನನ್ನು ತಿರುಗಿ ಕೆಲಸಕ್ಕೆ ತೆಗೆದುಕೊಳ್ಳಬೇಕು.

ಕಾಮಣ್ಣ ಮರಾಠಿ ಪ್ರತಿ ತೋರಿಸಿದ. ಸಂತೋಷದಿಂದ ಓದುತ್ತ ಹೋದೆ. ಆರನೇ ಪುಟದಲ್ಲಿ ನಾನಿದ್ದೆ. 'ಈ ಸಾಕ್ಷಿ ದುಭಾಷಿ ಅಲ್ಲ. ಎದುರಿಗಿದ್ದ ಮನುಷ್ಯ ಹೇಳಿದ್ದನ್ನು ಬಿಟ್ಟು, ಮಾಲಕರಿಗೆ ಬೇಕಾದದ್ದನ್ನು ಬರೆದ ನೌಕರ. ಅವನು ಕೋರ್ಟಿನಲ್ಲಿ ನಿಜ ಹೇಳಿದ್ದು ಪ್ರಶ್ನೆ ಕೇಳಿದ ಮೇಲೆ.'

ಕಂಪನಿಯವರಿಗೆ ನಾನು ಫಿತೂರ. ಕೋರ್ಟಿಗೆ ನಾನು ಕಂಪನಿಯ ನೌಕರ. ಇದು ಸರಕಾರದ ದಫ್ತರಿನಲ್ಲಿ ಉಳಿಯುತ್ತದೆ. ನಾನು ಸತ್ತ ಮೇಲೂ ಉಳಿಯುತ್ತದೆ.

ಆದರೆ ಬರೆದದ್ದರಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ.

19 ಸೆಪ್ಟೆಂಬರ್

ತುಕಾರಾಮ ಇನ್ನೂ ಕೆಲಸಕ್ಕೆ ಬಂದಿಲ್ಲ. ಹಾಜರಾಗಲು ಕೋರ್ಟು ಕೊಟ್ಟ ಗಡುವಿನಲ್ಲಿ ಇನ್ನು ಕೆಲವೇ ದಿನ ಉಳಿದಿವೆ. ಯೂನಿಯನ್ನಿನವರು ಒಬ್ಬರನ್ನು ಕಳಿಸಿದ್ದರಂತೆ, 'ನಾ ಬರೂದಿಲ್ಲ' ಎಂದನಂತೆ. ಗೆದ್ದವನು ಯಾಕೆ ಬರುವುದಿಲ್ಲ? ಕಾಮಣ್ಣನ ಹತ್ತಿರ ನಿಕಾಲಿನ ಪ್ರತಿ ಇಸಕೊಂಡೆ. ರವಿವಾರ ಅಕ್ಕಲಕೋಟಕ್ಕೆ ಹೋಗುವುದಿದೆ, ಅಲ್ಲಿಂದ ಹನ್ನೂರ ದೂರವಿಲ್ಲ.

24 ಸೆಪ್ಟೆಂಬರ್, ಅಕ್ಕಲಕೋಟ

ಎಸ್‌ಟಿ ಸ್ಟ್ಯಾಂಡಿನಲ್ಲಿ ಕೂತು ಬರೆಯುತ್ತಿದ್ದೇನೆ. ಸೋಲಾಪುರದ ಬಸ್ಸು ತಪ್ಪಿತು, ಮುಂದಿನದಕ್ಕೆ ಒಂದೂವರೆ ತಾಸು.

ಹನ್ನೂರಿನಲ್ಲಿ ಬೆಳಿಗ್ಗೆ ತುಕಾರಾಮನ ಮನೆ ಹುಡುಕಿಕೊಂಡು ಹೋದೆ. ಅವನ ಹೆಂಡತಿ ಹಣಮವ್ವ ಅಂಗಳದಲ್ಲಿ ಕಟ್ಟಿಗೆ ಒಡೆಯುತ್ತಿದ್ದಳು. "ಬರ್ರಿ, ಕೂಡ್ರಿ," ಎಂದು ಕಂಬಳಿ ಹಾಸಿದಳು. ತುಕಾರಾಮ ಹಟ್ಟಿಯಿಂದ ಬಂದ. ನಾನು ನಿಕಾಲನ್ನು ಮೊದಲಿನಿಂದ ಕನ್ನಡದಲ್ಲಿ ಹೇಳುತ್ತ ಹೋದೆ. ಆರನೇ ಪುಟ ಬಂತು. ನಿಲ್ಲಿಸಿದೆ. ಒಂದು ಪುಟ ಹಾರಿಸಿದರೆ ಅವರಿಗೆ ಗೊತ್ತಾಗುವಂತಿರಲಿಲ್ಲ. ಅದನ್ನೂ ಓದಿದೆ.

"ಯಾರರೀ ಅಂವ, ಆ ನೌಕರ?" ಎಂದು ಹಣಮವ್ವ ಕೇಳಿದಳು.

"ನಾನ ತಾಯಿ."

ಅವಳು ಗಂಡನ ಮುಖ ನೋಡಿದಳು. ತುಕಾರಾಮನಿಗೆ ಅದರ ಮೇಲೆ ಲಕ್ಷ್ಯವೇ ಇರಲಿಲ್ಲ. "ನಾ ಕಡದಿಲ್ಲ ಅಂತ ಎಲ್ಲಿ ಬರದಾರ್ರಿ? ಅದನ್ನ ಓದ್ರಿ," ಅಂದ.

"ಸಾಬೀತಾಗಿಲ್ಲ ಅಂತ ಬರದಾರ."

"ಅಂದರ?"

"ಅಂದರ... ಕಡದಿ ಅನ್ನಾಕ ಆಧಾರ ಸಿಗಲಿಲ್ಲ ಅಂತ."

"ಕಡದಿಲ್ಲ ಅಂತ ಇಲ್ಲೇನ್ರಿ?"

ಇಡೀ ಹನ್ನೊಂದು ಪುಟದಲ್ಲಿ ಆ ಮಾತಿಲ್ಲ. ಇಲ್ಲ ಎಂದೆ.

"ಹಂಗಾರ ಈ ಕಾಗದ ತಗೊಂಡು ನಾ ಏನ್ ಮಾಡ್ಲಿ?"

ಆಮೇಲೆ ತಿಳಿಯಿತು. ಕೆಲಸ ಹೋಗಿ ಊರಿಗೆ ಬಂದಾಗ ಜನ ಕೇಳಿದ್ದಕ್ಕೆ, ಕುಲದೇವರು ಬೀರೋಬಾನ ಗುಡಿಯಲ್ಲಿ ದೇವರ ಅರಿಶಿನದ ಭಂಡಾರ ಕೈಯಲ್ಲಿ ಹಿಡಿದು, ನಾ ಕಡದಿಲ್ಲ ಎಂದು ಆಣೆ ಮಾಡಿದ್ದನಂತೆ. ಹಣಮವ್ವನ ತಮ್ಮ ಅಮೋಗಸಿದ್ಧ ಗುಡಿಯ ಪೂಜಾರಿ. ಅವನು ಸೋಲಾಪುರಕ್ಕೆ ಬಂದು ವಿಚಾರಿಸಿದ. ನಮ್ಮ ಕಾರ್ಖಾನೆಯಲ್ಲಿ ಅವನಿಗೆ ಒಪ್ಪಿಗೆಯ ಕಾಗದ ತೋರಿಸಿದ್ದಾರೆ. ಕೆಳಗೆ ತುಕಾರಾಮನದೇ ಸಹಿ. ದೇವರ ಎದುರು ಸುಳ್ಳು ಆಣೆ ಮಾಡಿದವನು ಗುಡಿಯ ಡೊಳ್ಳು ಮುಟ್ಟುವಂತಿಲ್ಲ ಎಂದು ಅಂದೇ ತೀರ್ಮಾನ. ಎರಡು ವರ್ಷ ಇವನು ಗುಡಿಯ ಮೆಟ್ಟಿಲು ಹತ್ತಿಲ್ಲ. ತಾಯಿ ಸತ್ತಾಗಲೂ ಹೆಗಲು ಕೊಡಲು ದಾಯಾದಿಗಳು ಹಿಂದೆ ಮುಂದೆ ನೋಡಿದರಂತೆ. ಕೋರ್ಟಿನಲ್ಲಿ ಇದನ್ನು ಯಾರೂ ಕೇಳಿರಲಿಲ್ಲ, ಅವನು ಹೇಳಿರಲೂ ಇಲ್ಲ. ನಾನು ಅವನ ಕೆಲಸ ಕಳೆದಿದ್ದೇನೆ ಎಂದಷ್ಟೇ ತಿಳಿದಿದ್ದೆ. ನಾನು ಕಳೆದದ್ದು ಇಷ್ಟೆಲ್ಲ.

ಅಮೋಗಸಿದ್ಧ ಎಲ್ಲಿದ್ದಾನೆ ಎಂದು ಕೇಳಿದೆ. ಗುಡಿಯಲ್ಲಿದ್ದ, ಆರೇಳು ಹಿರಿಯರೂ ಇದ್ದರು. ತುಕಾರಾಮನನ್ನೂ ಕರೆದುಕೊಂಡು ಹೋಗಿ, ಆ ಕಾಗದ ಬರೆದವನು ನಾನು, ತುಕಾರಾಮ ಅದರಲ್ಲಿದ್ದದ್ದನ್ನು ಹೇಳಿಲ್ಲ, ನಾನು ಅವನಿಗೆ ಓದಿ ಹೇಳದೆ ಸಹಿ ಮಾಡಿಸಿದೆ ಎಂದೆ.

ಅಮೋಗಸಿದ್ಧ ಅಳತೆ ಮಾಡುವ ಹಾಗೆ ನೋಡಿದ. "ಭಂಡಾರ ಹಿಡದು ಹೇಳ್ತೀರೇನು?"

ಅಂಗೈ ಒಡ್ಡಿದೆ. ಹಳದಿ ಪುಡಿ ಹಾಕಿದ. ಮತ್ತೆ ಅದನ್ನೇ ಹೇಳಿದೆ.

"ಯಾಕ ಹಂಗ ಮಾಡಿದ್ರಿ? ಮಾಲಕರು ಬರಿ ಅಂದಿದ್ರೇನು?"

"ಇಲ್ಲ."

"ಇವನ ಮ್ಯಾಲ ಹಗಿ ಇತ್ತೇನು?"

"ಇಲ್ಲ."

"ಮತ್ತ ಯಾಕ?"

ಎರಡು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ವಕೀಲರು ಕೇಳಲಿಲ್ಲ, ಸಾಹೇಬರು ಕೇಳಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಕೈಯಲ್ಲಿ ಭಂಡಾರವಿತ್ತು. ಆ ಮಧ್ಯಾಹ್ನ ಕಣ್ಣೆದುರು ಬಂತು.

"ಒಂದು ಗಂಟೆ ಆಗಿತ್ತು. ನನಗ ಹಸಿವಾಗಿತ್ತು," ಎಂದೆ.

ಅಮೋಗಸಿದ್ಧನಿಗೆ ಸರಿಯಾಗಿ ಕೇಳಲಿಲ್ಲವೋ ಏನೋ. "ಏನಂದ್ರಿ?"

"ಹಸಿವಾಗಿತ್ತರೀ. ಲಗೂ ಮುಗಸೂಣು ಅಂತ ಬರದೆ."

ಒಬ್ಬ ಹಿರಿಯ ಎದ್ದು ಹೊರಗೆ ಹೋಗಿ ಉಗುಳಿ ಬಂದ. ಅಮೋಗಸಿದ್ಧ ತುಕಾರಾಮನ ಕಡೆ ತಿರುಗಿದ. "ಮ್ಯಾಲ ಬಾರೋ ಮಾವಾ," ಎಂದ. ತುಕಾರಾಮ ಮೆಟ್ಟಿಲ ಕೆಳಗೇ ನಿಂತಿದ್ದ. ಎರಡು ಸಲ ಕರೆಯಬೇಕಾಯಿತು. ಹತ್ತಿ ಬಂದವನು ಅಲ್ಲೇ ಕುಸಿದು ಕೂತು, ಮುಖ ಮುಚ್ಚಿಕೊಂಡು, ಗಂಡಸರು ಅಳಬಾರದ ಹಾಗೆ ಅತ್ತ.

ಯಾರಿಗೂ ಹೇಳದೆ ಹೊರಟಿದ್ದೆ. ಹಣಮವ್ವ ತಮ್ಮ ಮನೆಯ ಮುಂದೆ ದಾರಿಗೆ ಅಡ್ಡ ನಿಂತಳು. ಸಿಟ್ಟಿತ್ತೋ ಇಲ್ಲವೋ ಮುಖದಿಂದ ತಿಳಿಯಲಿಲ್ಲ. "ಉಂಡು ಹೋಗ್ರಿ," ಅಂದಳು. ರೊಟ್ಟಿ, ಶೇಂಗಾ ಹಿಂಡಿ, ಮಜ್ಜಿಗೆ. ಗಂಟಲಲ್ಲಿ ಇಳಿಯಲಾರದು ಎಂದುಕೊಂಡಿದ್ದೆ. ಇಳಿಯಿತು. ಎರಡು ರೊಟ್ಟಿ ಉಂಡೆ. ಅದನ್ನೇ ನನಗೆ ಇನ್ನೂ ನಂಬಲಿಕ್ಕೆ ಆಗುತ್ತಿಲ್ಲ.

ಬಸ್ಸು ಬಂತು.

4 ಅಕ್ಟೋಬರ್, ಸೋಲಾಪುರ

ತುಕಾರಾಮ ನಿನ್ನೆಯಿಂದ ಕೆಲಸಕ್ಕೆ ಬರುತ್ತಿದ್ದಾರೆ. ಹನ್ನೊಂದನೇ ಮಗ್ಗ ಕೊಟ್ಟಿದ್ದಾರೆ. ಇವತ್ತು ನೂಲು ಒಯ್ಯಲು ಉಗ್ರಾಣಕ್ಕೆ ಬಂದಿದ್ದರು. ಊರ ಕಡೆ ಮಳೆ ಹೇಗಿದೆ ಎಂದು ಕೇಳಿದೆ. ಕುರಿಗಳನ್ನು ಯಾರು ನೋಡಿಕೊಳ್ಳುತ್ತಾರೆ, ಯಾವ ಕುರಿ ಮರಿ ಹಾಕಿತು, ಎಲ್ಲ ಹೇಳಿದರು. ಶೇಠರ ಮಗ ಬಾಗಿಲ ತನಕ ಬಂದು ನಮ್ಮನ್ನು ನೋಡಿ ತಿರುಗಿ ಹೋದರು. ತುಕಾರಾಮ ಮಾತು ನಿಲ್ಲಿಸಿದರು. ಹೇಳಿ ಎಂದೆ. ಮುಗಿಯುವ ತನಕ ಕೇಳಿದೆ.